ಮಧುಮೇಹದ ಕಣ್ಣು: ಲೇಸರಿನ ಕಾಲ ಮುಗಿಯಿತೇ?

ಸಕ್ಕರೆ ಕಾಯಿಲೆಯಿಂದ ಕೆಡುವ ಕಣ್ಣಿಗೆ ಲೇಸರ್ ಹಾಕುವ ಪದ್ಧತಿ ಬಂದು ಅರ್ಧ ಶತಮಾನ ದಾಟಿತು. ಕಳೆದ ಹದಿನೈದಿಪ್ಪತ್ತು ವರ್ಷಗಳಲ್ಲಿ ಕಣ್ಣೊಳಗೇ ಕೊಡುವ ಇಂಜೆಕ್ಷನ್ ಬಳಕೆಗೆ ಬಂದ ಮೇಲೆ ರೆಟಿನಾ ತಜ್ಞರ ಗೋಷ್ಠಿಗಳಲ್ಲಿ ಲೇಸರಿನ ಹೆಸರು ಹಿಂದಿನ ಸಾಲಿಗೆ ಸರಿದಿದೆ. ಅದು ಸುಡುವ ಚಿಕಿತ್ಸೆ, ನೋವು ಕೊಡುವ ಚಿಕಿತ್ಸೆ, ಅಂಚಿನ ನೋಟವನ್ನು ಕಸಿಯುವ ಚಿಕಿತ್ಸೆ ಎಂಬ ದೂರುಗಳಲ್ಲಿ ಒಂದೂ ಸುಳ್ಳಲ್ಲ. ಆದರೂ ಅದನ್ನು ಬದಿಗಿಡುವ ಮೊದಲು ಎರಡು ರೋಗಗಳನ್ನು ಬೇರೆ ಮಾಡಿ ನೋಡಬೇಕು. ಮಧುಮೇಹ ರೆಟಿನಾವನ್ನು ಕೆಡಿಸುವುದು ಎರಡು ದಾರಿಯಲ್ಲಿ. ಒಂದು, ನೋಟದ ನಡುಬಿಂದುವಾದ ಮ್ಯಾಕ್ಯುಲಾದಲ್ಲಿ ಸಣ್ಣ ರಕ್ತನಾಳಗಳು ಸೋರಿ ಊತ ಬರುವುದು. ಇನ್ನೊಂದು, ಉಸಿರುಗಟ್ಟಿದ ರೆಟಿನಾದ ಮೇಲೆ ದುರ್ಬಲವಾದ ಹೊಸ ರಕ್ತನಾಳಗಳು ಬೆಳೆದು, ಒಡೆದು, ಕಣ್ಣೊಳಗೆ ರಕ್ತ ಸುರಿದು, ಕೊನೆಗೆ ರೆಟಿನಾವನ್ನೇ ಎಳೆದು ಕೀಳುವುದು. ಮೊದಲನೆಯದರಲ್ಲಿ ಇಂಜೆಕ್ಷನ್ ಗೆದ್ದಿದೆ. ಅದನ್ನು ಒಪ್ಪಲು ತಕರಾರಿಲ್ಲ. ಎರಡನೆಯದರಲ್ಲಿ, ನಮ್ಮಂಥ ದೇಶದ ಮಟ್ಟಿಗಂತೂ, ಲೇಸರೇ ಇನ್ನೂ ಬುಡದ ಚಿಕಿತ್ಸೆಯಾಗಿರಬೇಕು ಎಂಬುದು ನನ್ನ ವಾದ. ಅದರ ಕಾರಣ ಔಷಧದ ಬಲಾಬಲದಲ್ಲಿ ಅಷ್ಟಾಗಿ ಇಲ್ಲ. ರೋಗಿ ಮುಂದಿನ ತಿಂಗಳು ಮತ್ತೆ ಬರುತ್ತಾನೋ ಇಲ್ಲವೋ ಎಂಬುದರಲ್ಲಿದೆ.

ಬೆಳಕಿನಿಂದ ಕಣ್ಣನ್ನು ಸುಟ್ಟು ವಾಸಿಮಾಡಬಹುದು ಎಂಬ ಯೋಚನೆ ಹುಟ್ಟಿದ್ದು ಗ್ರಹಣದಿಂದ. 1945ರ ಸೂರ್ಯಗ್ರಹಣವನ್ನು ಬರಿಗಣ್ಣಲ್ಲಿ ನೋಡಿ ಮ್ಯಾಕ್ಯುಲಾ ಸುಟ್ಟುಕೊಂಡವರನ್ನು ಪರೀಕ್ಷಿಸಿದ ಜರ್ಮನಿಯ ಗೆರ್ಡ್ ಮೇಯರ್-ಶ್ವಿಕರಾಥ್, ಇದೇ ಸುಡುವಿಕೆಯನ್ನು ಬೇಕಾದ ಜಾಗಕ್ಕೆ ಬೇಕಾದಷ್ಟೇ ಕೊಟ್ಟರೆ ಹೇಗೆ ಎಂದು ಯೋಚಿಸಿದರು. ಹ್ಯಾಂಬರ್ಗಿನ ಆಸ್ಪತ್ರೆಯ ಮಾಳಿಗೆಯ ಮೇಲೆ ಕನ್ನಡಿಗಳನ್ನಿಟ್ಟು ಸೂರ್ಯನ ಬೆಳಕನ್ನೇ ರೋಗಿಯ ಕಣ್ಣಿಗೆ ಹಾಯಿಸಿದರು. ಮೋಡ ಮುಚ್ಚಿದ ದಿನ ಚಿಕಿತ್ಸೆ ಇಲ್ಲ! ಮುಂದೆ ಕ್ಸೆನಾನ್ ದೀಪ ಬಂತು. 1960ರಲ್ಲಿ ಥಿಯೊಡೋರ್ ಮೈಮನ್ ರೂಬಿ ಲೇಸರ್ ಬೆಳಗಿಸಿದ ಕೆಲವೇ ವರ್ಷಗಳಲ್ಲಿ ಅದು ಕಣ್ಣಿನ ವೈದ್ಯರ ಕೈ ಸೇರಿತು. 1968ರ ಹೊತ್ತಿಗೆ ಆರ್ಗಾನ್ ಲೇಸರ್ ಬಂತು. ಆ ಕಾಲದಲ್ಲಿ ಬೇರೆ ದಾರಿ ಏನಿತ್ತು ಎಂದು ನೋಡಿದರೆ ಮೈ ಜುಮ್ಮೆನ್ನುತ್ತದೆ. ಹೆರಿಗೆಯ ನಂತರ ಪಿಟ್ಯೂಟರಿ ಗ್ರಂಥಿ ಕೆಟ್ಟುಹೋದ ಮಧುಮೇಹಿ ಹೆಣ್ಣುಮಗಳೊಬ್ಬಳ ಕಣ್ಣು ತಾನಾಗಿ ಸುಧಾರಿಸಿತೆಂದು ಪೌಲ್ಸನ್ ಎಂಬ ವೈದ್ಯ 1953ರಲ್ಲಿ ವರದಿ ಮಾಡಿದ್ದ. ಅದನ್ನು ಹಿಡಿದು ಹಲವು ದೇಶಗಳಲ್ಲಿ ಕಣ್ಣುಳಿಸಲು ಮೆದುಳಿನ ಬುಡದ ಆ ಗ್ರಂಥಿಯನ್ನೇ ತೆಗೆದುಹಾಕುವ ಶಸ್ತ್ರಕ್ರಿಯೆ ನಡೆಯಿತು. ಲೇಸರನ್ನು ಕ್ರೂರವೆನ್ನುವವರು ಅದು ಯಾವುದರ ಜಾಗಕ್ಕೆ ಬಂತೆಂಬುದನ್ನು ಮರೆಯಬಾರದು.

ಸುಟ್ಟರೆ ಕಣ್ಣು ಉಳಿಯುವುದು ಹೇಗೆ? ಬಾಸ್ಟನ್ನಿನ ಜೋಸ್ಲಿನ್ ಕ್ಲಿನಿಕ್ಕಿನಲ್ಲಿ ವಿಲಿಯಂ ಬೀಥಮ್ ಮತ್ತು ಲಾಯ್ಡ್ ಐಯೆಲ್ಲೋ ಒಂದು ವಿಚಿತ್ರವನ್ನು ಗಮನಿಸಿದ್ದರು: ಹಳೆಯ ಸೋಂಕಿನಿಂದಲೋ ತೀವ್ರ ಸಮೀಪದೃಷ್ಟಿಯಿಂದಲೋ ರೆಟಿನಾದಲ್ಲಿ ಈಗಾಗಲೇ ಕಲೆ ಬಿದ್ದಿರುವ ಕಣ್ಣುಗಳಲ್ಲಿ ಮಧುಮೇಹದ ಹಾವಳಿ ಕಡಿಮೆ. ಹಾಗಿದ್ದರೆ ನಾವೇ ಕಲೆ ಬೀಳಿಸಿದರೆ? ಇದರ ಹಿಂದಿನ ಲೆಕ್ಕ ಆಮ್ಲಜನಕದ್ದು. ರೆಟಿನಾದ ಬೆಳಕು ಗ್ರಹಿಸುವ ಕೋಶಗಳಷ್ಟು ಆಮ್ಲಜನಕ ಕುಡಿಯುವ ಅಂಗಾಂಶ ದೇಹದಲ್ಲಿ ಅಪರೂಪ. ಮಧುಮೇಹದಲ್ಲಿ ಸಣ್ಣ ರಕ್ತನಾಳಗಳು ಮುಚ್ಚಿಕೊಂಡಾಗ ಒಳಪದರ ಹಸಿದು, ವಿಇಜಿಎಫ್ ಎಂಬ ಪ್ರೋಟೀನನ್ನು ಹೊರಹಾಕಿ ಹೊಸ ನಾಳಗಳನ್ನು ಕರೆಯುತ್ತದೆ. ಲೇಸರ್ ಬೆಳಕನ್ನು ರೆಟಿನಾದ ಹಿಂದಿನ ಕಪ್ಪು ವರ್ಣಪದರ ಹೀರಿ, ಬಿಸಿಯಾಗಿ, ಅಲ್ಲಿನ ಕೋಶಗಳನ್ನು ಸುಡುತ್ತದೆ. ಉಣ್ಣುವ ಬಾಯಿ ಕಡಿಮೆಯಾದಂತೆ ಹಿಂದಿನಿಂದ ಬರುವ ಆಮ್ಲಜನಕ ಒಳಪದರಕ್ಕೆ ದಾಟುತ್ತದೆ, ಕೂಗು ನಿಲ್ಲುತ್ತದೆ, ಹೊಸ ನಾಳಗಳು ಬಾಡುತ್ತವೆ. ಪೂರ್ಣ ಚಿಕಿತ್ಸೆಯಲ್ಲಿ ಅರ್ಧ ಮಿಲಿಮೀಟರ್ ಅಗಲದ 1,200ರಿಂದ 1,600 ಸುಟ್ಟ ಚುಕ್ಕೆಗಳನ್ನು ನಡುಭಾಗ ಬಿಟ್ಟು ಸುತ್ತಲೂ ಹಾಕುವುದು ಹಳೆಯ ರೂಢಿ. ಲೆಕ್ಕ ಹಾಕಿದರೆ ಅದು ರೆಟಿನಾದ ಕಾಲು ಭಾಗದ ಹತ್ತಿರ ಹೋಗುತ್ತದೆ. ಅಂಚನ್ನು ಕೊಟ್ಟು ನಡುವನ್ನು ಉಳಿಸಿಕೊಳ್ಳುವ ವ್ಯವಹಾರ ಇದು. ಹಾಗೆಂದು ವೈದ್ಯರು ಬಾಯಿಬಿಟ್ಟು ಹೇಳಿದರೆ ರೋಗಿಗಳಿಗೆ ಅರ್ಥವಾಗದ ವಿಷಯವೇನಲ್ಲ.

ಈ ವ್ಯವಹಾರ ಲಾಭದ್ದೇ ಎಂದು ತೋರಿಸಿದ ಅಧ್ಯಯನ ವೈದ್ಯಕೀಯ ಪರೀಕ್ಷೆಗಳ ಇತಿಹಾಸದಲ್ಲೇ ಒಂದು ಮೈಲಿಗಲ್ಲು. ಅಮೆರಿಕದಲ್ಲಿ 1970ರ ದಶಕದ ಮೊದಲಲ್ಲಿ ಶುರುವಾದ ಡಯಾಬಿಟಿಕ್ ರೆಟಿನೋಪತಿ ಸ್ಟಡಿಯಲ್ಲಿ 1,700ಕ್ಕೂ ಹೆಚ್ಚು ರೋಗಿಗಳಿದ್ದರು. ಪ್ರತಿಯೊಬ್ಬರ ಒಂದು ಕಣ್ಣಿಗೆ ಚಿಕಿತ್ಸೆ, ಇನ್ನೊಂದನ್ನು ಹಾಗೇ ಬಿಟ್ಟು ನೋಡುವುದು. ಯಾವ ಕಣ್ಣಿಗೆ ಎಂಬುದು ಚೀಟಿ ಎತ್ತಿದಂತೆ ತೀರ್ಮಾನ. ಒಬ್ಬನದೇ ಸಕ್ಕರೆ, ಒಬ್ಬನದೇ ರಕ್ತದೊತ್ತಡ, ಒಬ್ಬನದೇ ವಯಸ್ಸು ಎರಡೂ ಕಣ್ಣಿಗೆ ಇರುವುದರಿಂದ ಹೋಲಿಕೆಗೆ ಇದಕ್ಕಿಂತ ಸಮವಾದ ತಕ್ಕಡಿ ಸಿಗದು. 1976ರ ವರದಿಯಲ್ಲಿ, ಎರಡು ವರ್ಷದೊಳಗೆ ದೃಷ್ಟಿ ಬಹುಮಟ್ಟಿಗೆ ಹೋದದ್ದು ಬಿಟ್ಟ ಕಣ್ಣುಗಳಲ್ಲಿ ಶೇ 16.3, ಚಿಕಿತ್ಸೆ ಪಡೆದವುಗಳಲ್ಲಿ ಶೇ 6.4. ವ್ಯತ್ಯಾಸ ಎಷ್ಟು ಸ್ಪಷ್ಟವಾಗಿತ್ತೆಂದರೆ, ಹಾಗೇ ಬಿಟ್ಟಿದ್ದ ಅಪಾಯದ ಕಣ್ಣುಗಳಿಗೂ ಚಿಕಿತ್ಸೆ ಕೊಡಲು ಅನುವಾಗುವಂತೆ ನಿಯಮವನ್ನೇ ಬದಲಿಸಬೇಕಾಯಿತು. ಮುಂದಿನ ದೊಡ್ಡ ಅಧ್ಯಯನದಲ್ಲಿ 3,711 ರೋಗಿಗಳಿದ್ದರು. ಅದರ 1985ರ ವರದಿ ಮ್ಯಾಕ್ಯುಲಾದ ಊತಕ್ಕೂ ಹದವಾದ ಲೇಸರ್ ಉಪಯೋಗವೆಂದು ತೋರಿಸಿತು: ಮೂರು ವರ್ಷದಲ್ಲಿ ದೃಷ್ಟಿ ಗಣನೀಯವಾಗಿ ಕುಗ್ಗಿದವರು ಶೇ 24ರಿಂದ ಶೇ 12ಕ್ಕೆ ಇಳಿದರು. ಆದರೆ ಆ ಸಂಖ್ಯೆಯ ಒಳಗೆ ಒಂದು ನಿರಾಸೆಯೂ ಅಡಗಿತ್ತು. ಲೇಸರ್ ಇಳಿಯುವುದನ್ನು ತಡೆಯಿತು; ಕಳೆದುಹೋದದ್ದನ್ನು ಮರಳಿಸಿದ್ದು ಕಡಿಮೆ.

ಆ ಕೊರತೆಯನ್ನು ತುಂಬಿದ್ದು ಇಂಜೆಕ್ಷನ್. ಹಸಿದ ರೆಟಿನಾ ಏನನ್ನೋ ಹೊರಹಾಕುತ್ತದೆ ಎಂದು 1948ರಲ್ಲೇ ಮೈಕೆಲ್‌ಸನ್ ಊಹಿಸಿದ್ದರು; ಅದು ವಿಇಜಿಎಫ್ ಎಂದು ಗಟ್ಟಿಯಾದದ್ದು 1990ರ ದಶಕದಲ್ಲಿ. ಅದನ್ನು ತಡೆಯುವ ಮದ್ದುಗಳು, ಅಂದರೆ ಕ್ಯಾನ್ಸರಿಗೆಂದು ಬಂದ ಬೆವಾಸಿಜುಮ್ಯಾಬ್, ಕಣ್ಣಿಗೆಂದೇ ಮಾಡಿದ ರಾನಿಬಿಜುಮ್ಯಾಬ್, ಆಮೇಲಿನ ಅಫ್ಲಿಬರ್ಸೆಪ್ಟ್, ಮ್ಯಾಕ್ಯುಲಾದ ಊತದಲ್ಲಿ ಲೇಸರನ್ನು ಹಿಂದೆ ಹಾಕಿದವು. ಅಮೆರಿಕದ ರೆಟಿನಾ ಸಂಶೋಧಕರ ಜಾಲ 2010ರಲ್ಲಿ ಪ್ರಕಟಿಸಿದ ಫಲಿತಾಂಶದ ನಂತರ ಈ ವಿಷಯದಲ್ಲಿ ಹೆಚ್ಚು ಜಗಳ ಉಳಿದಿಲ್ಲ: ಮಂಜಾಗಿದ್ದ ನೋಟ ಎಷ್ಟೋ ಮಂದಿಗೆ ಸಾಲುಸಾಲಾಗಿ ಮರಳಿತು. ಊತವಿದ್ದೂ ನೋಟ ಚೆನ್ನಾಗಿಯೇ ಇರುವವರಿಗೆ ತಕ್ಷಣ ಏನೂ ಬೇಕಿಲ್ಲ ಎಂಬುದನ್ನೂ ಅದೇ ಜಾಲ 2019ರಲ್ಲಿ ತೋರಿಸಿತು. ಇಂಜೆಕ್ಷನ್ ಕೊಟ್ಟರೂ, ಲೇಸರ್ ಹಾಕಿದರೂ, ಕಾದು ನೋಡಿದರೂ ಎರಡು ವರ್ಷದ ಕೊನೆಗೆ ದೃಷ್ಟಿ ಕುಗ್ಗಿದವರ ಪ್ರಮಾಣ ಹೆಚ್ಚುಕಡಿಮೆ ಒಂದೇ ಇತ್ತು. ವರದಿಯಲ್ಲಿ ಊತ ಎಂದು ಬರೆದಿದೆಯೆಂದು ಅದೇ ದಿನ ಸೂಜಿ ಎತ್ತುವ ಅವಸರಕ್ಕೆ ಇದು ಉತ್ತರವಾಗಬೇಕಿತ್ತು. ಎಷ್ಟು ಕಡೆ ಆಗಿದೆಯೋ!

ನಿಜವಾದ ಪ್ರಶ್ನೆ ಎದ್ದದ್ದು ಹೊಸ ರಕ್ತನಾಳಗಳ ವಿಷಯದಲ್ಲಿ. 2015ರಲ್ಲಿ ಅದೇ ಜಾಲ ಪ್ರೋಟೊಕಾಲ್ ಎಸ್ ಎಂಬ ಹೆಸರಿನ ಪರೀಕ್ಷೆಯ ಫಲಿತಾಂಶ ಪ್ರಕಟಿಸಿತು: 305 ಮಂದಿ, 394 ಕಣ್ಣು, ಒಂದು ಗುಂಪಿಗೆ ಪೂರ್ಣ ಲೇಸರ್, ಇನ್ನೊಂದಕ್ಕೆ ರಾನಿಬಿಜುಮ್ಯಾಬ್. ಎರಡು ವರ್ಷದ ಕೊನೆಗೆ ಇಂಜೆಕ್ಷನ್ ಗುಂಪು ನೋಟದ ಚಾರ್ಟಿನಲ್ಲಿ ಸರಾಸರಿ 2.8 ಅಕ್ಷರ ಮುಂದೆ ಹೋಗಿತ್ತು, ಲೇಸರ್ ಗುಂಪು 0.2. ಕಣ್ಣೊಳಗಿನ ರಕ್ತ ತೆಗೆಯುವ ಶಸ್ತ್ರಕ್ರಿಯೆ ಇಂಜೆಕ್ಷನ್ ಗುಂಪಿನಲ್ಲಿ ಶೇ 4, ಲೇಸರ್ ಗುಂಪಿನಲ್ಲಿ ಶೇ 15. ಹೊಸದಾಗಿ ಊತ ಬಂದದ್ದು ಶೇ 9 ಮತ್ತು ಶೇ 28. ಅಂಚಿನ ನೋಟದ ನಷ್ಟವಂತೂ ಲೇಸರ್ ಗುಂಪಿನಲ್ಲಿ ಹಲವು ಪಟ್ಟು ಹೆಚ್ಚು. 2017ರಲ್ಲಿ ಬ್ರಿಟನ್ನಿನ ಕ್ಲಾರಿಟಿ ಅಧ್ಯಯನ ಅಫ್ಲಿಬರ್ಸೆಪ್ಟ್ ಬಳಸಿ ಇದೇ ದಿಕ್ಕಿನ ಮಾತು ಹೇಳಿತು. ಇಷ್ಟು ಓದಿದವರು ಲೇಸರ್ ಯಂತ್ರದ ಮೇಲೆ ಹೊದಿಕೆ ಹಾಕಿಬಿಡೋಣವೆಂದರೆ ಆಶ್ಚರ್ಯವಿಲ್ಲ. ಆದರೆ ಐದನೆಯ ವರ್ಷದ ಲೆಕ್ಕ 2018ರಲ್ಲಿ ಬಂದಾಗ ಚಿತ್ರ ಬದಲಾಗಿತ್ತು. ದೃಷ್ಟಿಯ ಲಾಭ ಎರಡೂ ಗುಂಪಿನಲ್ಲಿ ಸುಮಾರು ಮೂರು ಅಕ್ಷರ, ಅಂದರೆ ಸಮ. ಅಂಚಿನ ನೋಟ ಇಂಜೆಕ್ಷನ್ ಗುಂಪಿನಲ್ಲೂ ಸವೆದಿತ್ತು. ಅಂತರ ಉಳಿದಿದ್ದರೂ ಮೊದಲಿನಷ್ಟು ಅಗಲವಾಗಿರಲಿಲ್ಲ. ಇಂಜೆಕ್ಷನ್ ಗುಂಪಿನ ಒಂದೊಂದು ಕಣ್ಣು ಐದು ವರ್ಷದಲ್ಲಿ ಸರಾಸರಿ 19 ಬಾರಿ ಸೂಜಿ ಕಂಡಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ತೀರಿಕೊಂಡವರನ್ನು ಬಿಟ್ಟು ಉಳಿದವರಲ್ಲಿ ಐದನೆಯ ವರ್ಷದ ತಪಾಸಣೆಗೆ ಬಂದವರು ಶೇ 66 ಮಾತ್ರ. ನೇಮಕವಾದ ಸಂಯೋಜಕರು ಫೋನ್ ಮಾಡಿ ಕರೆಯುವ ಪರೀಕ್ಷೆಯಲ್ಲೇ ಮೂವರಲ್ಲಿ ಒಬ್ಬರು ಕಾಣೆ.

ಕಾಣೆಯಾದವರ ಕಣ್ಣಿಗೆ ಏನಾಗುತ್ತದೆ? ಫಿಲಡೆಲ್ಫಿಯಾದ ತಜ್ಞರು 2019ರಲ್ಲಿ ಪ್ರಕಟಿಸಿದ ಒಂದು ಸಣ್ಣ ಅಧ್ಯಯನ ಇದನ್ನೇ ಹುಡುಕಿತು. ಆರು ತಿಂಗಳಿಗೂ ಹೆಚ್ಚು ಕಾಲ ತಪ್ಪಿಸಿಕೊಂಡು ಮತ್ತೆ ಬಂದವರ 76 ಕಣ್ಣುಗಳು. 46ಕ್ಕೆ ಮೊದಲು ಲೇಸರ್ ಆಗಿತ್ತು, 30ಕ್ಕೆ ಬರೀ ಇಂಜೆಕ್ಷನ್. ಕೊನೆಯ ತಪಾಸಣೆಯ ಹೊತ್ತಿಗೆ ರೆಟಿನಾ ಎಳೆದುಕೊಂಡು ಕಿತ್ತುಬಂದದ್ದು ಲೇಸರ್ ಗುಂಪಿನಲ್ಲಿ ಒಂದು ಕಣ್ಣು, ಇಂಜೆಕ್ಷನ್ ಗುಂಪಿನಲ್ಲಿ ಹತ್ತು. ಅಧ್ಯಯನ ಚಿಕ್ಕದು, ಹಳೆಯ ಕಡತಗಳಿಂದ ಆಯ್ದದ್ದು, ಚೀಟಿ ಎತ್ತಿ ಗುಂಪು ಮಾಡಿದ್ದಲ್ಲ. ಇದೊಂದರ ಮೇಲೆ ಮನೆ ಕಟ್ಟಲಾಗದು. ಆದರೆ ಅದು ಹೇಳುವುದು ಎರಡೂ ಚಿಕಿತ್ಸೆಗಳ ಸ್ವಭಾವಕ್ಕೆ ಸರಿಯಾಗಿ ಹೊಂದುತ್ತದೆ. ಇಂಜೆಕ್ಷನ್ ಕೂಗುವ ಬಾಯಿಯನ್ನು ಕೆಲವು ವಾರ ಮುಚ್ಚುತ್ತದೆ. ಹಸಿವು ಹಾಗೇ ಇರುತ್ತದೆ. ಲೇಸರ್ ಹಸಿವನ್ನೇ ಕಡಿಮೆ ಮಾಡುತ್ತದೆ. ಮೊದಲನೆಯದು ನಿಂತ ದಿನದಿಂದ ರೋಗ ತನ್ನ ಕೆಲಸ ಮುಂದುವರಿಸುತ್ತದೆ. ಎರಡನೆಯದು ಹಾಕಿದವರು ಊರು ಬಿಟ್ಟರೂ, ರೋಗಿ ಆಸ್ಪತ್ರೆಯನ್ನು ಮರೆತರೂ ಕಣ್ಣೊಳಗೆ ಕುಳಿತು ಕಾಯುತ್ತದೆ. 2020ರ ಲಾಕ್‌ಡೌನಿನಲ್ಲಿ ಬಸ್ಸು ನಿಂತು, ಆಸ್ಪತ್ರೆಗಳ ಹೊರರೋಗಿ ವಿಭಾಗ ಮುಚ್ಚಿ ತಿಂಗಳುಗಟ್ಟಲೆ ಚಿಕಿತ್ಸೆ ತಪ್ಪಿದಾಗ ಈ ವ್ಯತ್ಯಾಸ ಪುಸ್ತಕದ ಮಾತಾಗಿ ಉಳಿಯಲಿಲ್ಲ. ಲಾಕ್‌ಡೌನ್ ಇಲ್ಲದೆಯೂ ನಮ್ಮಲ್ಲಿ ಚಿಕಿತ್ಸೆ ತಪ್ಪಲು ಸಾವಿರ ನೆಪಗಳಿವೆ: ಸುಗ್ಗಿ, ಮಗಳ ಬಾಣಂತನ, ಜೊತೆಗೆ ಬರಲು ಮಗನಿಗೆ ರಜೆ ಸಿಗದಿರುವುದು, ಕಾಲಿನ ಗಾಯ. ಮಧುಮೇಹದಿಂದ ಮೂತ್ರಪಿಂಡವೂ ಕೆಟ್ಟು ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್‌ಗೆ ಹೋಗುವವರಿಗೆ ಕಣ್ಣಿಗೆಂದು ತಿಂಗಳಿಗೊಂದು ದಿನ ಹೊಂದಿಸುವುದೆಂದರೆ ಸುಲಭದ ಮಾತಲ್ಲ.

ಲೇಸರಿನ ವಿರುದ್ಧದ ಆಕ್ಷೇಪಗಳಲ್ಲಿ ಅತ್ಯಂತ ತೂಕದ್ದು ಅದು ಕಸಿಯುವ ನೋಟದ್ದು. ಇದನ್ನು ಹಗುರ ಮಾಡುವವರೊಂದಿಗೆ ನಾನಿಲ್ಲ. ಅಂಚಿನ ನೋಟ ಮತ್ತು ಮಬ್ಬುಗತ್ತಲಿನ ನೋಟ ಲಾರಿ ಓಡಿಸುವವನಿಗೆ ಅನ್ನ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ರಾತ್ರಿ ಬರುವ ಹಳ್ಳಿಗಳಲ್ಲಿ ಹನ್ನೊಂದು ಗಂಟೆಗೆ ಬದುವಿನ ಮೇಲೆ ನಡೆದು ನೀರು ಕಟ್ಟುವ ರೈತನಿಗೂ ಅಷ್ಟೇ. ಆದರೆ ಇವತ್ತಿನ ಲೇಸರ್ 1976ರದ್ದಲ್ಲ. ಆಗಿನ ಅಧ್ಯಯನದಲ್ಲೇ ಕ್ಸೆನಾನ್‌ಗಿಂತ ಆರ್ಗಾನ್ ಕಡಿಮೆ ಹಾನಿ ಮಾಡಿತ್ತು. ಈಗಿನ ಯಂತ್ರಗಳಲ್ಲಿ 532 ನ್ಯಾನೋಮೀಟರಿನ ಹಸಿರು ಬೆಳಕು ಬಳಕೆಯಲ್ಲಿದೆ. 2006ರ ಸುಮಾರಿಗೆ ಬಂದ ಪ್ಯಾಸ್ಕಲ್ ಮಾದರಿಯವು ಒಂದೇ ಒತ್ತಿಗೆ ಹಲವು ಚುಕ್ಕೆಗಳನ್ನು, ಒಂದೊಂದನ್ನೂ ಹಳೆಯದರ ಐದನೇ ಒಂದು ಭಾಗದಷ್ಟು ಹೊತ್ತಿನಲ್ಲಿ ಇಡುತ್ತವೆ. ನೋವು ಕಡಿಮೆ, ಸುಡುವ ಆಳವೂ ಕಡಿಮೆ. ಇದಕ್ಕೊಂದು ಬೆಲೆ ಇದೆ: ಹಗುರವಾದ ಚುಕ್ಕೆಗಳಾದ್ದರಿಂದ ಸಂಖ್ಯೆ ಹೆಚ್ಚು ಬೇಕು, ಹಳೆಯ ಲೆಕ್ಕದಲ್ಲೇ ನಿಲ್ಲಿಸಿದರೆ ಚಿಕಿತ್ಸೆ ಅರ್ಧಂಬರ್ಧವಾಗುತ್ತದೆ. ಲೇಸರಿನ ನಂತರ ಬರುವ ಊತವನ್ನು ಸಿಟ್ಟಿಂಗುಗಳ ನಡುವೆ ಅಂತರ ಕೊಟ್ಟು, ಅಗತ್ಯ ಬಿದ್ದರೆ ಮೊದಲೇ ಒಂದು ಇಂಜೆಕ್ಷನ್ ಕೊಟ್ಟು ತಗ್ಗಿಸಬಹುದು. ಪ್ರೋಟೊಕಾಲ್ ಎಸ್‌ನ ಲೇಸರ್ ಗುಂಪಿನಲ್ಲೂ ಅರ್ಧಕ್ಕೂ ಹೆಚ್ಚು ಕಣ್ಣುಗಳು ಊತಕ್ಕೆಂದು ಅದೇ ಇಂಜೆಕ್ಷನ್ ಪಡೆದಿದ್ದವು ಎಂಬುದನ್ನು ಎರಡೂ ಪಕ್ಷದವರು ಮರೆಯುತ್ತಾರೆ. ಹಾಗಾಗಿ ನಾನು ಹೇಳುತ್ತಿರುವುದು ಇಂಜೆಕ್ಷನ್ ಬೇಡ ಎಂದಲ್ಲ. ಕಣ್ಣೊಳಗೆ ರಕ್ತ ತುಂಬಿ ಲೇಸರ್ ಒಳಹೋಗಲಾರದಾಗ, ಶಸ್ತ್ರಕ್ರಿಯೆಗೆ ಮುಂಚೆ, ಊತ ಜೊತೆಗಿದ್ದಾಗ ಅದು ಬೇಕೇ ಬೇಕು. ಬರೀ ಇಂಜೆಕ್ಷನ್ ನೆಚ್ಚಿಕೊಂಡು ಲೇಸರನ್ನು ಮುಂದೂಡುವುದಷ್ಟೇ ನನ್ನ ತಕರಾರು. ಗರ್ಭಿಣಿಯರಲ್ಲಿ ಕಣ್ಣಿನ ರೋಗ ಚುರುಕಾಗುವುದುಂಟು. ಈ ಮದ್ದುಗಳನ್ನು ಅವರಿಗೆ ಕೊಡಲು ವೈದ್ಯರು ಹಿಂಜರಿಯುತ್ತಾರೆ. ಅಲ್ಲಿ ಲೇಸರಿಗೆ ಎದುರಾಳಿಯೇ ಇಲ್ಲ.

ಇನ್ನೊಂದು ವಾದ, ರೋಗಿ ಬರದಿದ್ದರೆ ಬರುವಂತೆ ಮಾಡಿ, ಅದಕ್ಕೆ ಕಣ್ಣನ್ನೇಕೆ ಸುಡುತ್ತೀರಿ ಎಂಬುದು. ಬೆವಾಸಿಜುಮ್ಯಾಬ್ ಅಗ್ಗ, 2015ರಲ್ಲಿ ರಾನಿಬಿಜುಮ್ಯಾಬ್‌ನ ಭಾರತೀಯ ಪ್ರತಿರೂಪವೂ ಬಂತು, ಫಾರಿಸಿಮ್ಯಾಬ್‌ನಂಥ ಹೊಸ ಮದ್ದುಗಳಲ್ಲಿ ಒಂದು ಇಂಜೆಕ್ಷನ್ನಿಗೂ ಇನ್ನೊಂದಕ್ಕೂ ನಡುವಿನ ಅಂತರ ತಿಂಗಳುಗಳಿಗೆ ಹಿಗ್ಗುತ್ತಿದೆ. ನಾಳೆ ವರ್ಷಕ್ಕೊಂದೇ ಸಾಕಾಗುವ ಮದ್ದು ಬಂದರೆ ಈ ಲೇಖನದ ವಾದ ಸಡಿಲವಾಗುತ್ತದೆ, ಒಪ್ಪಿದೆ. ಆದರೆ ಮದ್ದಿನ ಬೆಲೆ ಖರ್ಚಿನ ಒಂದು ತುಂಡು ಮಾತ್ರ. ಇಬ್ಬರ ಬಸ್ ಚಾರ್ಜು, ಹೋದ ಕೂಲಿ, ಕಣ್ಣಿನ ಪಾಪೆ ಅರಳಿಸುವ ಹನಿ ಹಾಕಿಸಿಕೊಂಡು ಕಾಯುವ ಅರ್ಧ ದಿನ ಇವು ಅಗ್ಗದ ಮದ್ದಿಗೂ ಅಷ್ಟೇ, ದುಬಾರಿ ಮದ್ದಿಗೂ ಅಷ್ಟೇ. ಲೇಸರಿಗೂ ಎರಡು ಮೂರು ಸಲ ಬರಬೇಕು, ಆಮೇಲೆ ತಪಾಸಣೆಯೂ ಬೇಕು. ಆದರೆ ಒಂದು ತಪಾಸಣೆ ತಪ್ಪಿದ್ದಕ್ಕೆ ಅದು ವಿಧಿಸುವ ದಂಡ ಚಿಕ್ಕದು. ಶಿಸ್ತಾಗಿ ಬರುವ, ಹತ್ತಿರವೇ ಇರುವ, ಖರ್ಚು ಭರಿಸಬಲ್ಲ ರೋಗಿಗೆ ಇಂಜೆಕ್ಷನ್ ದಾರಿ ತೆರೆದಿರಲಿ. ಆದರೆ ಯಾರು ಶಿಸ್ತಾಗಿ ಬರುತ್ತಾರೆಂದು ಮೊದಲ ಭೇಟಿಯಲ್ಲೇ ಹೇಳುವ ವಿದ್ಯೆ ವೈದ್ಯರ ಬಳಿ ಇಲ್ಲ. ಫಿಲಡೆಲ್ಫಿಯಾದಲ್ಲಿ ತಪ್ಪಿಸಿಕೊಂಡವರೂ ಬರುತ್ತೇವೆ ಎಂದೇ ಹೋಗಿದ್ದಿರಬೇಕು.

ಸಕ್ಕರೆ ಹತೋಟಿಯಲ್ಲಿಟ್ಟರೆ ಇದ್ಯಾವುದೂ ಬೇಡವಲ್ಲ ಎನ್ನುವವರೂ ಇದ್ದಾರೆ. ಹತೋಟಿಯ ಬೆಲೆ ದೊಡ್ಡದು ನಿಜ: 1993ರ ಅಮೆರಿಕದ ಅಧ್ಯಯನದಲ್ಲಿ ಬಿಗಿಯಾದ ಹತೋಟಿ ಟೈಪ್ 1 ರೋಗಿಗಳಲ್ಲಿ ಕಣ್ಣಿನ ರೋಗ ಹುಟ್ಟುವುದನ್ನೇ ಶೇ 76ರಷ್ಟು ತಗ್ಗಿಸಿತು, 1998ರ ಬ್ರಿಟಿಷ್ ಅಧ್ಯಯನ ಟೈಪ್ 2ರಲ್ಲಿ ಸಣ್ಣ ರಕ್ತನಾಳಗಳ ತೊಂದರೆಯನ್ನು ಕಾಲು ಭಾಗ ಕಡಿಮೆ ಮಾಡಿದ್ದು ಬಹುಪಾಲು ಲೇಸರ್ ಬೇಕಾದವರ ಸಂಖ್ಯೆ ಇಳಿದದ್ದರಿಂದಲೇ. ಫೆನೊಫೈಬ್ರೇಟ್ ಎಂಬ ಹಳೆಯ ಅಗ್ಗದ ಕೊಬ್ಬಿನ ಮಾತ್ರೆ ರೆಟಿನಾದ ರೋಗ ಮುಂದುವರಿಯುವುದನ್ನು ನಿಧಾನಿಸುತ್ತದೆ ಎಂದು 2024ರಲ್ಲಿ ಸ್ಕಾಟ್ಲೆಂಡಿನ ಅಧ್ಯಯನವೂ ಹೇಳಿದೆ. ಇವೆಲ್ಲ ಬೆಂಕಿ ಬೀಳದಂತೆ ನೋಡಿಕೊಳ್ಳುವ ಕೆಲಸ. ಹೊಸ ನಾಳಗಳು ಹುಟ್ಟಿದ ಮೇಲೆ ಸಕ್ಕರೆಯೊಂದನ್ನೇ ಇಳಿಸಿ ಕೂರುವಂತಿಲ್ಲ. ವರ್ಷಗಟ್ಟಲೆ ಏರಿದ್ದ ಸಕ್ಕರೆಯನ್ನು ಏಕಾಏಕಿ ಇಳಿಸಿದಾಗ ಕಣ್ಣು ಕೆಲಕಾಲ ಇನ್ನಷ್ಟು ಕೆಡುವುದೂ ಉಂಟು.

ಲೇಸರಿಗೆ ಬಂದಿರುವ ಕೆಟ್ಟ ಹೆಸರಿನ ದೊಡ್ಡ ಪಾಲು ತಜ್ಞರ ವಾದದಿಂದ ಬಂದದ್ದಲ್ಲ, ಊರಿನ ಮಾತಿನಿಂದ ಬಂದದ್ದು. ‘ಲೇಸರ್ ಹಾಕಿಸಿದ ಮೇಲೆಯೇ ಅವರ ಕಣ್ಣು ಹೋಯಿತು’ ಎಂಬ ಮಾತು ಬಹಳ ಮನೆಗಳಲ್ಲಿ ಓಡಾಡುತ್ತದೆ. ಹೀಗಾಗಲು ಕಾರಣವಿದೆ. ಈ ರೋಗ ನಡುಬಿಂದುವನ್ನು ಮುಟ್ಟುವವರೆಗೆ ನೋವಿಲ್ಲ, ಕೆಂಪಿಲ್ಲ, ಮಂಜಿಲ್ಲ. ರಕ್ತ ಸುರಿದ ಮೇಲೆ ಓಡಿಬಂದವರಿಗೆ ಲೇಸರ್ ಹಾಕಿದರೆ, ಆಗಲೇ ಹೊರಟಿದ್ದ ದೃಷ್ಟಿ ಆಮೇಲೆ ಹೋಗುತ್ತದೆ, ದೂರು ಲೇಸರಿನ ತಲೆಗೆ ಬೀಳುತ್ತದೆ. ಕನ್ನಡಕ ಬಿಡಿಸುವ ಲೇಸರೂ ಇದೂ ಒಂದೇ ಎಂಬ ಗೊಂದಲ ಬೇರೆ. ನಮ್ಮ ಕಣ್ಣಿನ ಶಿಬಿರಗಳ ಪರಂಪರೆಯೂ ಇದಕ್ಕೆ ಒಗ್ಗಿದ್ದಲ್ಲ. ಡಾ. ಎಂ.ಸಿ. ಮೋದಿಯವರ ಕಾಲದಿಂದ ಕರ್ನಾಟಕದ ಹಳ್ಳಿಗಳು ಕಂಡ ಕಣ್ಣಿನ ಚಿಕಿತ್ಸೆಯೆಂದರೆ ಪೊರೆಯದು: ಕಾಣದವರು ಹೋಗಿ ಕಂಡು ಬರುತ್ತಾರೆ, ಒಂದು ದಿನದ ಕೆಲಸ, ಫಲ ಮರುದಿನವೇ. ಲೇಸರ್ ಚಿಕಿತ್ಸೆ ಅದಕ್ಕೆ ತದ್ವಿರುದ್ಧ. ಚೆನ್ನಾಗಿ ಕಾಣುತ್ತಿರುವವರನ್ನು ಕೂರಿಸಿ, ನೋಯಿಸಿ, ಮೊದಲಿಗಿಂತ ಒಂದಿಷ್ಟು ಮಬ್ಬಾಗಿಸಿ ಕಳುಹಿಸಬೇಕು. ಕಾಣುವವರನ್ನು ಒಪ್ಪಿಸಬೇಕೆಂದರೆ ಮೊದಲು ಕಾಣುವಾಗಲೇ ಅವರನ್ನು ಹುಡುಕಬೇಕು. ಇಂಗ್ಲೆಂಡ್ 2003ರಿಂದ ಹನ್ನೆರಡು ದಾಟಿದ ಪ್ರತಿ ಮಧುಮೇಹಿಯ ರೆಟಿನಾದ ಫೋಟೊ ತೆಗೆಯುವ ರಾಷ್ಟ್ರೀಯ ಕಾರ್ಯಕ್ರಮ ಕಟ್ಟಿತು. ದುಡಿಯುವ ವಯಸ್ಸಿನವರ ಕುರುಡುತನಕ್ಕೆ ಐದು ದಶಕ ಮೊದಲ ಕಾರಣವಾಗಿದ್ದ ಮಧುಮೇಹ, 2009–10ರ ಅಂಕಿಅಂಶಗಳ ಹೊತ್ತಿಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಆ ಸ್ಥಾನ ಬಿಟ್ಟುಕೊಟ್ಟಿತ್ತು. ಆ ವರ್ಷಗಳಲ್ಲಿ ಮಧುಮೇಹದ ಕಣ್ಣಿಗೆ ಇಂಜೆಕ್ಷನ್ ಇನ್ನೂ ಮಾಮೂಲಿಯಾಗಿರಲಿಲ್ಲ. ಸಕ್ಕರೆಯ ಹತೋಟಿ ಸುಧಾರಿಸಿದ್ದೂ ಕಾರಣಗಳಲ್ಲೊಂದಿರಬಹುದು. ಆದರೆ ಹೊತ್ತಿಗೆ ಸರಿಯಾಗಿ ಸಿಕ್ಕವರಿಗೆ ಕೊಟ್ಟ ಚಿಕಿತ್ಸೆ ಮುಖ್ಯವಾಗಿ ಲೇಸರೇ.

ಭಾರತದಲ್ಲಿ ಮಧುಮೇಹಿಗಳು 10 ಕೋಟಿ ದಾಟಿದ್ದಾರೆಂದು ಐಸಿಎಂಆರ್ ಅಧ್ಯಯನ 2023ರಲ್ಲಿ ಅಂದಾಜಿಸಿತು. ನಲವತ್ತು ದಾಟಿದ ಮಧುಮೇಹಿಗಳಲ್ಲಿ ಶೇ 12.5 ಮಂದಿಗೆ ರೆಟಿನಾದ ತೊಂದರೆ, ಶೇ 4 ಮಂದಿಗೆ ದೃಷ್ಟಿ ಕಳೆಯುವ ಮಟ್ಟದ್ದು ಎಂದು 2022ರ ಸ್ಮಾರ್ಟ್ ಇಂಡಿಯಾ ಅಧ್ಯಯನ ಹೇಳಿದೆ. ಶೇ 4 ಎಂದರೂ ಲಕ್ಷಗಳ ಮಾತು. ಅವರನ್ನು ಹುಡುಕುವ ಉಪಕರಣಕ್ಕೆ ನಾವು ಹೊರಗೆ ನೋಡಬೇಕಿಲ್ಲ: ಕೈಗೆಟಕುವ ಬೆಲೆಯ ರೆಟಿನಾ ಕ್ಯಾಮೆರಾ ಮಾಡಿದ ಫೋರಸ್, ಮೊಬೈಲ್ ಫೋನಿಗೇ ಕ್ಯಾಮೆರಾ ಜೋಡಿಸಿದ ರೆಮಿಡಿಯೊ ಎರಡೂ ಬೆಂಗಳೂರಿನ ಕಂಪನಿಗಳು. ಫೋಟೊ ನೋಡಿ ರೋಗ ಗುರುತಿಸುವ ಕೃತಕ ಬುದ್ಧಿಮತ್ತೆಯ 2016ರ ಹೆಸರಾಂತ ಅಧ್ಯಯನದಲ್ಲಿ ಮದುರೆಯ ಅರವಿಂದ ಆಸ್ಪತ್ರೆಯ ಪಾಲಿತ್ತು. ಆದರೆ ಕ್ಯಾಮೆರಾ ತಾಲ್ಲೂಕಿಗೆ ಬಂದು ಲೇಸರ್ ದೊಡ್ಡ ನಗರದಲ್ಲೇ ಉಳಿದರೆ, ಹುಡುಕಿ ಕೊಟ್ಟ ಚೀಟಿ ರೋಗಿಯ ಜೇಬಿನಲ್ಲೇ ಹಳೆಯದಾಗುತ್ತದೆ. ಒಂದು ಹಸಿರು ಲೇಸರ್ ಯಂತ್ರಕ್ಕೆ ಆಪರೇಷನ್ ಥಿಯೇಟರ್ ಬೇಡ, ಶೀತಲ ಪೆಟ್ಟಿಗೆ ಬೇಡ, ಒಂದು ಕತ್ತಲೆ ಕೋಣೆ ಮತ್ತು ಮರಗಟ್ಟಿಸುವ ಹನಿ ಸಾಕು. ತರಬೇತಾದ ಕೈಯೊಂದು ಮಾತ್ರ ಬೇಕೇ ಬೇಕು. ಆ ತರಬೇತಿಯೇ ಈಗ ತೆಳುವಾಗುತ್ತಿದೆ ಎಂಬುದು ನನ್ನ ಆತಂಕ: ಇಂಜೆಕ್ಷನ್ ಕೊಡುವುದನ್ನು ಬೇಗ ಕಲಿಯಬಹುದು, ರೆಟಿನಾದ ಅಂಚಿನವರೆಗೆ ಪೂರ್ತಿ ಲೇಸರ್ ಹಾಕುವ ತಾಳ್ಮೆ ಬರಲು ವರ್ಷಗಳು ಬೇಕು. ಜಿಲ್ಲಾ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಮುಂದಿನ ವರ್ಷದ ಖರೀದಿ ಪಟ್ಟಿ ಬರೆಯುವವರು ಕ್ಯಾಮೆರಾದ ಸಾಲಿನ ಕೆಳಗೇ ಲೇಸರನ್ನೂ, ಅದನ್ನು ಹಾಕಬಲ್ಲ ವೈದ್ಯರ ಹುದ್ದೆಯನ್ನೂ ಬರೆಯಬೇಕು. ಪಕ್ಕದಲ್ಲಿ, ಬರದವರಿಗೆ ಫೋನ್ ಮಾಡುವ ಒಬ್ಬ ಗುಮಾಸ್ತರನ್ನೂ.